ಬುತ್ತಿ ಬಿಚ್ಚದ ರವಿವಾರ

ಮುರುಗೆಪ್ಪನವರಿಗೆ ನಡೆಯುವುದೆಂದರೆ ಆಗುತ್ತಿರಲಿಲ್ಲ. ಹತ್ತೊಂಬತ್ತನೆಯ ವಯಸ್ಸಿಗೆ ಬೈಲಹೊಂಗಲದಿಂದ ಪುಣೆಗೆ ಬಂದು ರವಿವಾರ ಪೇಠೆಯ ಒಂದು ಅರಿವೆ ಅಂಗಡಿಯ ಗಾದಿಯ ಮೇಲೆ ಕುಳಿತವರಿಗೆ, ಮೂವತ್ತಮೂರು ವರ್ಷಗಳಲ್ಲಿ ಅಲ್ಲಿಂದ ಏಳುವ ಕಾರಣ ಕಂಡಿರಲಿಲ್ಲ. ಗಿರಾಕಿ ಇಳಕಲ್ಲ ಸೀರೆ ಕೇಳಿದರೆ ಕುಳಿತಲ್ಲಿಂದಲೇ ಕೈಚಾಚಿ ತೆಗೆಯುವರು. ಕೈಗೆ ಎಟುಕದ ಸೀರೆಗೆ ಬೆರಳು ಮಾಡಿದರೆ, ಅದರ ಬಣ್ಣ ನಿಲ್ಲುವುದಿಲ್ಲವೆಂದು ಮುಖ ಸಣ್ಣದು ಮಾಡಿಕೊಂಡು ತಿಳಿಹೇಳುವರು. ಹೀಗಾಗಿ ಆ ಅಂಗಡಿಯಲ್ಲಿ ಮೇಲಿನ ಎರಡು ಸಾಲಿನ ಸೀರೆಗಳು ಯುದ್ಧಕ್ಕೂ ಮೊದಲು ಬಂದವು ಹಾಗೇ ಇದ್ದವು.

ಕುಳಿತ ದೇಹ ಬೆಳೆಯದೆ ಏನು ಮಾಡೀತು? ಐವತ್ತೆರಡನೆಯ ವರ್ಷಕ್ಕೆ ಹಲವು ಬಿಡಾರಗಳಿದ್ದ ತಮ್ಮ ವಾಡೆಯ ಮೆಟ್ಟಿಲು ಹತ್ತುವಾಗ ನಡುವೆ ಎರಡು ಸಲ ನಿಂತು, ಗೋಡೆಯ ಮೇಲಿನ ದೇವರ ಪಟಗಳನ್ನು ಭಕ್ತಿಯಿಂದ ನೋಡುವ ನೆಪ ಮಾಡಬೇಕಾಯಿತು. ವೈದ್ಯರು ನಾಡಿ ಹಿಡಿದು, ಪ್ರತಿ ರವಿವಾರ ಆರು ಮೈಲಿ ನಡೆಯಬೇಕು, ಸಿಹಿ ಕಡಿಮೆ ಮಾಡಬೇಕು ಎಂದರು. ಅವರು ಹೇಳಿದ್ದರಿಂದ ದೊಡ್ಡ ತೊಂದರೆ ಆಗುತ್ತಿರಲಿಲ್ಲ. ಅದನ್ನು ಹೆಂಡತಿ ರುದ್ರವ್ವ ಪಕ್ಕದಲ್ಲೇ ನಿಂತು ಕೇಳಿಸಿಕೊಂಡದ್ದು ತೊಂದರೆಯಾಯಿತು.

ಅದರ ಮೇಲೆ ಅದೇ ವಾಡೆಯಲ್ಲಿ, ಎದುರಿನ ಖೋಲಿಯಲ್ಲಿ, ರಾಘಣ್ಣನವರಿದ್ದರು. ಧಾರವಾಡದ ಕಡೆಯ ಬ್ರಾಹ್ಮಣರು. ಮಿಲಿಟರಿ ಕಚೇರಿಯಲ್ಲಿ ಗುಮಾಸ್ತರಾಗಿದ್ದು ಆ ವರ್ಷವೇ ನಿವೃತ್ತರಾಗಿದ್ದರು. ಯುದ್ಧವಿಡೀ ಅವರು ನೋಡಿಕೊಂಡದ್ದು ಸಿಪಾಯಿಗಳ ಬೂಟಿನ ಫೈಲು. ಒಂದು ಬೂಟನ್ನೂ ಕಣ್ಣಿಂದ ಕಾಣದೆ ಲಕ್ಷ ಬೂಟುಗಳನ್ನು ಬರ್ಮಾಕ್ಕೆ ಕಳಿಸಿದ ಮನುಷ್ಯ, ಈಗ ಯುದ್ಧ ನಡೆದದ್ದು ಹೇಗೆಂದು ತಿಳಿಸಲು ಕೇಳುವ ಕಿವಿ ಹುಡುಕುತ್ತಿದ್ದರು. ಮಿಲಿಟರಿಯ ಹಳೆ ಸಾಮಾನಿನ ಲಿಲಾವಿನಲ್ಲಿ ಸವಾಲು ಕೂಗಿ ಒಂದು ದುರ್ಬೀನು ಕೊಂಡಿದ್ದರು. ಅದರ ಒಂದು ಕಣ್ಣು ಮಂಜಾಗಿತ್ತು. ಕೊರಳಲ್ಲಿ ದುರ್ಬೀನು, ಕೈಯಲ್ಲಿ ಕೊಡೆ, ಹಿಂದೆ ಮುರುಗೆಪ್ಪನವರು, ಅವರು ಎಲ್ಲಿಯೂ ಕೂಡದಂತೆ ಕಾಯಲು ಎಲ್ಲರ ಹಿಂದೆ ರುದ್ರವ್ವ: ಹೀಗೆ ಆ ಯಾತ್ರೆ ಶುರುವಾಯಿತು. ಮೊದಲು ಕೋಥರೂಡದ ಹೊಲಗಳವರೆಗೆ, ಆಮೇಲೆ ಪಾಷಾಣದ ಕೆರೆಯವರೆಗೆ, ವಾರವಾರಕ್ಕೆ ದಾರಿ ಉದ್ದವಾಯಿತು.

ಹದಿನಾಲ್ಕು ವರ್ಷದ ಗೆಳೆತನವಾದರೂ ಇವರು ಒಬ್ಬರ ಅನ್ನ ಒಬ್ಬರು ಉಂಡವರಲ್ಲ. ರಾಘಣ್ಣನವರದು ಬೇರೆ ಗಂಟಿನಲ್ಲಿ ಅವಲಕ್ಕಿ. ಮುರುಗೆಪ್ಪನವರ ಮನೆತನದಲ್ಲೂ ಲಿಂಗವಿಲ್ಲದವರ ಎದುರು ಊಟಕ್ಕೆ ಕೂಡುವ ಪದ್ಧತಿಯಿಲ್ಲ. ಊಟದ ಹೊತ್ತಿಗೆ ಇಬ್ಬರೂ ಬೆನ್ನು ತಿರುಗಿಸಿ ಕೂತು, ಕೈ ತೊಳೆದ ಮೇಲೆ ಮತ್ತೆ ಮುಖ ತಿರುಗಿಸಿ, ಮಾತು ನಿಂತಲ್ಲಿಂದ ಮುಂದುವರಿಸುತ್ತಿದ್ದರು. ಇದರಲ್ಲಿ ಯಾರಿಗೂ ಬೇಸರವಿರಲಿಲ್ಲ.

ಈ ಊರೂರು ಅಲೆಯುವ ಕಷ್ಟದಲ್ಲಿ ಮುರುಗೆಪ್ಪನವರಿಗೆ ಇದ್ದ ಸುಖ ಒಂದೇ, ಬುತ್ತಿ. ರುದ್ರವ್ವ ಬಿಳಿ ಧೋತರದ ತುಂಡಿನಲ್ಲಿ ಖಡಕ್ ಜೋಳದ ರೊಟ್ಟಿ, ಗುರೆಳ್ಳು ಚಟ್ನಿ, ಜುಣಕ, ಎಲ್ಲದರ ಮೇಲೆ ಶೇಂಗಾ ಹೋಳಿಗೆ ಇಟ್ಟು ಕಟ್ಟುವಳು. ರೇಶನ್ನಿನ ದಿನಗಳು, ಒಂದು ಹೋಳಿಗೆಗೆ ಬೆಲ್ಲ ಹೊಂದಿಸುವುದೇ ಸಾಹಸ. ಹೋಗಿ ಮುಟ್ಟುವವರೆಗೆ ಬುತ್ತಿ ಬಿಚ್ಚುವಂತಿಲ್ಲವೆಂದು ಅವಳ ಕಟ್ಟಪ್ಪಣೆ. ಹೆಣ್ಣುಮಗಳು ಭಾರ ಹೊರಬಾರದೆಂದು ಮುರುಗೆಪ್ಪನವರು ತಾವೇ ಅದನ್ನು ತಲೆಯ ಮೇಲೆ ಹೊರುತ್ತಿದ್ದರು. ರಾಘಣ್ಣನವರು ಈ ದೊಡ್ಡತನವನ್ನು ಬಾಯಿತುಂಬ ಹೊಗಳುತ್ತಿದ್ದರು. ನಿಜವೆಂದರೆ ಈ ದೊಡ್ಡ ಮನುಷ್ಯರು ಪ್ರತಿ ರವಿವಾರ ಗಿಡದ ಮರೆಗೆ ಹೋಗಿ, ಗಂಟು ಸಡಿಲಿಸಿ, ಒಂದು ಹೋಳಿಗೆ ಎಗರಿಸಿ, ಮೀಸೆ ಒರೆಸಿಕೊಂಡು ಬರುತ್ತಿದ್ದರು. ಹತ್ತು ತಿಂಗಳಿಂದ ನಡೆದಿತ್ತು. ಯಾರಿಗೂ ಗೊತ್ತಿಲ್ಲವೆಂದು ಅವರ ನಂಬಿಕೆ.

ಸಾವಿರದ ಒಂಬೈನೂರ ನಲವತ್ತಾರರ ಡಿಸೆಂಬರಿನಲ್ಲಿ ಒಂದು ರವಿವಾರ ಮೂವರೂ ರೈಲು ಹತ್ತಿ ದೇಹೂ ರೋಡಿನಲ್ಲಿ ಇಳಿದರು. ಅಲ್ಲಿಂದ ನಾಲ್ಕು ಮೈಲಿಗೆ ಒಂದು ಜವುಗು ಇದೆ, ಯುದ್ಧಕಾಲದಲ್ಲಿ ಸಿಪಾಯಿಗಳು ಬರ್ಮಾದ ಕೆಸರಿಗೆ ತಯಾರಾಗಲು ಅಲ್ಲೇ ಹೊರಳಾಡಿದ್ದಾರೆ ಎಂದು ರಾಘಣ್ಣನವರಿಗೆ ಯಾರೋ ಹೇಳಿದ್ದರು. ಬಿಟ್ಟುಹೋದ ಕಂದಕಗಳಲ್ಲಿ ನೀರು ನಿಂತು ಜೊಂಡು ಬೆಳೆದಿತ್ತು. ಮುಳ್ಳುತಂತಿಯ ಮೇಲೆ ಮಿಂಚುಳ್ಳಿ ಕುಳಿತಿತ್ತು. ತುಕ್ಕು ಹಿಡಿದ ಲಾರಿಯ ಅಸ್ಥಿಪಂಜರದೊಳಗೆ ಬೆಳ್ಳಕ್ಕಿಗಳು ಪ್ರಯಾಣಿಕರಂತೆ ಸಾಲಾಗಿ ಕೂತಿದ್ದವು. ದೂರದ ನೀರಿನಲ್ಲಿ ಚಕ್ರವಾಕಗಳ ಜೋಡಿಯೊಂದು ತೇಲುತ್ತಿತ್ತು. ರಾಘಣ್ಣನವರು ಒಂದು ಕಣ್ಣಿನ ದುರ್ಬೀನಿನಲ್ಲಿ ನೋಡಿ ಒಂದೇ ಹಕ್ಕಿ ಇದೆಯೆಂದರು.

ದಂಡೆಯ ಮೇಲೆ ಒಂದು ಸಿಮೆಂಟಿನ ಗೂಡು, ಬಂದೂಕು ಚಾಚಲು ಗೋಡೆಯಲ್ಲಿ ಸೀಳುಕಿಂಡಿ. ಇದಕ್ಕೆ ಮೋರ್ಚಾ ಅನ್ನುತ್ತಾರೆಂದು ರಾಘಣ್ಣನವರು ತಿಳಿಸಿ, ಇಲ್ಲಿ ಶತ್ರುವನ್ನು ಹೇಗೆ ತಡೆಯಬಹುದಿತ್ತೆಂದು ರುದ್ರವ್ವನಿಗೆ ಕೊಡೆಯಿಂದ ನೆಲದ ಮೇಲೆ ಗೀಚಿ ತೋರಿಸತೊಡಗಿದರು. ಮುರುಗೆಪ್ಪನವರಿಗೆ ಇದಕ್ಕಿಂತ ಒಳ್ಳೆಯ ಸಮಯ ಬೇಕೆ? ಒಳಗೆ ತಂಪಿದೆಯೋ ನೋಡಿಬರುತ್ತೇನೆಂದು ಬುತ್ತಿಯ ಸಮೇತ ಮೋರ್ಚಾದೊಳಗೆ ನುಸುಳಿದರು. ಕುಕ್ಕರಗಾಲಿನಲ್ಲಿ ಕೂತು, ಬಗ್ಗಿ, ಗಂಟು ಸಡಿಲಿಸಿ, ಒಂದು ಹೋಳಿಗೆ ತೆಗೆದು ಅರ್ಧ ಬಾಯಿಗೆ ಇಟ್ಟರು. ಅಷ್ಟರಲ್ಲಿ ಹೊರಗೆ ರುದ್ರವ್ವನ ಬಳೆಯ ಸದ್ದು. ಉಳಿದರ್ಧವನ್ನು ಒಳಗೆ ತುರುಕಿ, ಗಂಟು ಬಿಗಿದು, ಬಾಯಲ್ಲಿದ್ದುದನ್ನು ಅಗಿಯದೆ ನುಂಗಿ ಹೊರಗೆ ಬಂದರು. ಒಳಗೆ ಭಾಳ ತಂಪು ಐತಿ ಎನ್ನುವಾಗ ಕಣ್ಣಲ್ಲಿ ನೀರು ಬಂದಿತ್ತು.

ಮುಂದೆ ಕಾಲು ಮುಳುಗುವಷ್ಟೇ ನೀರು, ದಾಟಿದರೆ ಆ ಕಡೆ ಆಲದ ನೆರಳು. ರಾಘಣ್ಣನವರು ದಾಟಿದರು, ರುದ್ರವ್ವ ಸೀರೆ ಎತ್ತಿ ಕಟ್ಟಿ ದಾಟಿದಳು. ಮುರುಗೆಪ್ಪನವರು ನಡುವೆ ಬರುವಷ್ಟರಲ್ಲಿ ನೆಲ ಅವರ ತೂಕವನ್ನು ಒಪ್ಪಲಿಲ್ಲ. ಮೊಳಕಾಲು ಹೋಯಿತು, ತೊಡೆ ಹೋಯಿತು, ಸೊಂಟದ ಹತ್ತಿರ ಬಂದು ನಿಂತಿತು. ಇಷ್ಟಾದರೂ ತಲೆಯ ಮೇಲಿನ ಬುತ್ತಿಗೆ ಒಂದು ಹನಿ ಸಿಡಿಯಗೊಡಲಿಲ್ಲ. ಕೊಡೆಯ ಹಿಡಿಕೆ ಚಾಚಿ ಅವರನ್ನು ಎಳೆದು ತೆಗೆದದ್ದೇ ಒಂದು ಯುದ್ಧ.

ದಂಡೆಗೆ ಬಂದು ಬುತ್ತಿ ಇಳಿಸಿ, ಉಸಿರು ಬಿಟ್ಟು, ಶಿವಾ ಎಂದು ಎದೆಯ ಮೇಲೆ ಕೈಯಿಟ್ಟರು. ಕೈ ಅಲ್ಲೇ ನಿಂತಿತು. ಅಂಗಿಯ ಮೇಲೆ ಶಿವದಾರದ ಎರಡು ತುದಿಗಳು ಜೋತಾಡುತ್ತಿದ್ದವು. ಲಿಂಗವಿದ್ದ ಬೆಳ್ಳಿಯ ಕರಡಿಗೆ ಇರಲಿಲ್ಲ.

ಹುಟ್ಟಿದ ಎಂಟನೆಯ ದಿನ ಮಠದ ಅಯ್ಯನವರು ಕಟ್ಟಿದ ಲಿಂಗ. ಐವತ್ತೆರಡು ವರ್ಷ ಒಂದು ಗಳಿಗೆಯೂ ಮೈ ಬಿಟ್ಟದ್ದಲ್ಲ. ದಾರ ಜೀರ್ಣವಾಗಿದೆ, ಬದಲಿಸಿಕೊಳ್ಳಿ ಎಂದು ರುದ್ರವ್ವ ಒಂದು ತಿಂಗಳಿಂದ ಹೇಳಿದ್ದಳು. ಇವರು ನಾಳೆ ನಾಳೆ ಎಂದಿದ್ದರು. ಈಗ ಅದು ಸಿಗುವವರೆಗೆ ಅನ್ನವಿಲ್ಲ, ಒಂದು ಗುಟುಕು ನೀರೂ ಇಲ್ಲ. ಸಿಗದಿದ್ದರೆ ಹೊಸ ಲಿಂಗ ಕಟ್ಟಿಸಿಕೊಳ್ಳಲು ರೈಲು ಹತ್ತಿ ಊರ ಮಠದವರೆಗೆ ಒಣಗಿದ ಗಂಟಲಲ್ಲೇ ಹೋಗಬೇಕು. ಆದರೆ ಆ ಹೊತ್ತಿನಲ್ಲಿ ಮುರುಗೆಪ್ಪನವರಿಗೆ ಹಸಿವಿನ ನೆನಪಾಗಲಿಲ್ಲ. ತುಂಬಿದ ಸಂತೆಯಲ್ಲಿ ತಾಯಿಯ ಕೈ ಬಿಟ್ಟುಹೋದ ಕೂಸಿಗೆ ಆಗುವಂಥ ಭಯ ಅವರಿಗಾಯಿತು.

"ಕಡೀಗೆ ಎಲ್ಲೆ ಮುಟ್ಟಿ ನೋಡಿದ್ರಿ? ನೆನಪು ಮಾಡಿಕೋರಿ," ಎಂದು ರಾಘಣ್ಣನವರು ಕೇಳಿದರು.

ಮೋರ್ಚಾಕ್ಕೆ ಹೋಗುವ ಮುಂಚೆ ಮುಟ್ಟಿದ್ದು ನೆನಪಿತ್ತು. ಆದರೆ ಮೋರ್ಚಾ ಎಂದರೆ ಅಲ್ಲಿ ಏನು ಮಾಡುತ್ತಿದ್ದಿರಿ ಎಂಬ ಪ್ರಶ್ನೆ ಬರುತ್ತದೆ. ಮುರುಗೆಪ್ಪನವರು ಕೆಸರಿನ ಕಡೆಗೆ ಬೆರಳು ಮಾಡಿದರು.

ಜೊಂಡಿನ ಅಂಚಿನಲ್ಲಿ ಏಡಿ ಹಿಡಿಯುತ್ತಿದ್ದ ಅಲ್ಲಿಯ ಊರಿನ ನರ್ಮದಾ ಎಂಬ ಹೆಂಗಸು ಬುಟ್ಟಿ ಹಿಡಿದು ಹತ್ತಿರ ಬಂದಳು. ಏನು ಕಳೆದಿದೆ ಎಂದು ಮರಾಠಿಯಲ್ಲಿ ಕೇಳಿದಳು. ದೇವರು ಎಂದರು ಮುರುಗೆಪ್ಪನವರು. ಅವಳು ಎಮ್ಮೆ ಕಳೆದಿದೆ ಎಂದು ಕೇಳಿದಷ್ಟೇ ಸಹಜವಾಗಿ ತಲೆಯಾಡಿಸಿ, ಎಷ್ಟು ದೊಡ್ಡದು ಎಂದು ಅಳತೆ ಕೇಳಿ, ಬುಟ್ಟಿಯಲ್ಲಿ ಕೆಸರು ಮೊಗೆದು ಜಾಲಾಡಿಸತೊಡಗಿದಳು.

ಮೂರು ತಾಸು ನಾಲ್ವರೂ ಆ ಜವುಗನ್ನು ಸೋಸಿದರು. ಯುದ್ಧದಲ್ಲಿ ಸರಕಾರ ಕಳಕೊಂಡದ್ದೆಲ್ಲ ಸಿಕ್ಕಿತು: ಖಾಲಿ ಕಾಡತೂಸುಗಳು, ತಗಡಿನ ಮಗ್ಗು, ಬಾಗಿದ ಚಮಚ. ಆಮೇಲೆ ಒಂದು ಬೂಟು ಬಂತು. ರಾಘಣ್ಣನವರು ಅದನ್ನು ಎರಡೂ ಕೈಯಲ್ಲಿ ಎತ್ತಿ, ಕೆಸರು ಒರೆಸಿ, ಒಳಗಿನ ಅಂಕಿಗಳನ್ನು ಓದಿ ಗದ್ಗದರಾದರು. ಅವರ ಫೈಲಿನ ಬೂಟು ಅದು. ಅಷ್ಟೊಂದು ಬೂಟುಗಳಲ್ಲಿ ಒಂದು ಕೊನೆಗೂ ದರ್ಶನ ಕೊಟ್ಟಿತ್ತು; ಅದರೊಳಗಿನ ಏಡಿ ಅವರ ಹೆಬ್ಬೆರಳನ್ನು ಹಿಡಿಯುವವರೆಗೆ ಅವರು ಜಗತ್ತನ್ನೇ ಮರೆತಿದ್ದರು.

ನಡುವೆ ಮುರುಗೆಪ್ಪನವರು ಕೈಕಾಲು ತೊಳೆಯುವ ನೆಪದಲ್ಲಿ ಒಬ್ಬರೇ ಜವುಗನ್ನು ಸುತ್ತಿಕೊಂಡು ಆಚೆ ದಂಡೆಯ ಮೋರ್ಚಾಕ್ಕೆ ಹೋಗಿ, ಮೊಳಕಾಲೂರಿ ನೆಲವೆಲ್ಲ ತಡವಿ ನೋಡಿಬಂದರು. ಅಲ್ಲಿ ಹೋಳಿಗೆಯ ಪುಡಿಯನ್ನು ಇರುವೆಗಳು ಸಾಗಿಸುತ್ತಿದ್ದವೇ ಹೊರತು ಬೇರೇನೂ ಇರಲಿಲ್ಲ.

ಸೂರ್ಯ ವಾಲಿದ. ರುದ್ರವ್ವನೂ ನೀರು ಮುಟ್ಟಿರಲಿಲ್ಲ. ರಾಘಣ್ಣನವರ ಅವಲಕ್ಕಿಯ ಗಂಟು ಕಟ್ಟಿದ್ದು ಕಟ್ಟಿದಂತೇ ಇತ್ತು. ನಿಮಗೇನು ನಿಯಮವಿಲ್ಲ, ತಿನ್ನಿರಿ ಎಂದು ರುದ್ರವ್ವ ಎರಡು ಸಲ ಹೇಳಿದಾಗ ತಮಗೆ ಹಸಿವೆಯೇ ಇಲ್ಲವೆಂದರು. ಅವರ ಹೊಟ್ಟೆ ಬೇರೆಯೇ ಹೇಳಿದ್ದು ಎಲ್ಲರಿಗೂ ಕೇಳಿಸಿತು. ಐದರ ರೈಲು ತಪ್ಪುತ್ತದೆಂದು ಯಾರೂ ಬಾಯಿಬಿಟ್ಟು ಆಡಲಿಲ್ಲ.

ಇದನ್ನೆಲ್ಲ ನೋಡುತ್ತ ಆಲದ ಬುಡದಲ್ಲಿ ಕುಳಿತಿದ್ದ ಮುರುಗೆಪ್ಪನವರಿಗೆ ತಮ್ಮ ಮೇಲೆ ಅಸಹ್ಯ ಹುಟ್ಟಿತು. ಹೆಂಡತಿಯ ಕಣ್ಣು ತಪ್ಪಿಸಿ ತಿನ್ನುವವನ ಎದೆಯ ಮೇಲೆ ಶಿವನಾದರೂ ಎಷ್ಟು ದಿನ ಕೂತಾನು? ಕೇಳುವವರು ನಕ್ಕಾರು, ಅವರಿಗೆ ಮಾತ್ರ ಅದು ನಗುವ ಮಾತಾಗಿರಲಿಲ್ಲ. ಎದ್ದು ಹೆಂಡತಿಯ ಎದುರಿಗೆ ಹೋಗಿ ನಿಂತರು.

"ರುದ್ರವ್ವಾ, ನಾ ಸುಳ್ಳು ಹೇಳೇನಿ. ಕೆಸರಿಗೆ ಬರೂಕಿಂತ ಮೊದಲ ಆ ಮೋರ್ಚಾದಾಗ ಕುಂತು ಹೋಳಿಗಿ ಕದ್ದು ತಿಂದೆ. ಪ್ರತಿ ವಾರಾ ತಿಂತೇನಿ. ಅದಕ್ಕ ಶಿವಾ ಬಿಟ್ಟು ಹೋದ."

ರಾಘಣ್ಣನವರು ಮರ್ಯಾದೆಗೆ ಮುಖ ತಿರುಗಿಸಿ ದುರ್ಬೀನಿನಲ್ಲಿ ಆಕಾಶ ನೋಡತೊಡಗಿದರು. ರುದ್ರವ್ವ ಬೈಯಲಿಲ್ಲ. ಒಂದೇ ಪ್ರಶ್ನೆ ಕೇಳಿದಳು.

"ಬುತ್ತಿ ಮ್ಯಾಲೆ ಬಗ್ಗಿದ್ರೇನು?"

ಬಗ್ಗಿದ್ದೆನೆಂದು ಅವರು ತಲೆಯಾಡಿಸುವಷ್ಟರಲ್ಲಿ ಅವಳು ಬುತ್ತಿಯ ಮುಂದೆ ಕೂತಾಗಿತ್ತು. ಮೂರು ತಾಸಿನಿಂದ ಯಾರೂ ಮುಟ್ಟದೆ, ಕಣ್ಣೆತ್ತಿಯೂ ನೋಡದೆ ದೂರ ಇಟ್ಟಿದ್ದ ಬುತ್ತಿ ಅದು. ಗಂಟು ಬಿಚ್ಚಿದಳು. ಎಲ್ಲಕ್ಕೂ ಮೇಲೆ, ಹಲ್ಲಿನ ಗುರುತಿದ್ದ ಅರ್ಧ ಹೋಳಿಗೆಗೆ ಒರಗಿ, ಬೆಳ್ಳಿಯ ಕರಡಿಗೆ ಸುಖವಾಗಿ ಕೂತಿತ್ತು.

ಮುರುಗೆಪ್ಪನವರು ಅದನ್ನು ಎರಡೂ ಕೈಯಲ್ಲಿ ಎತ್ತಿ ಕಣ್ಣಿಗೊತ್ತಿಕೊಂಡು ಗೊಳೋ ಎಂದು ಅತ್ತರು. ಐವತ್ತೆರಡು ವರ್ಷದ ಗಂಡಸು ಅಷ್ಟು ಜೋರಾಗಿ ಅಳಬಹುದೆಂದು ಆ ಬೆಳ್ಳಕ್ಕಿಗಳಿಗೂ ಗೊತ್ತಿರಲಿಲ್ಲ. ಲಾರಿ ಬಿಟ್ಟು ಎಲ್ಲವೂ ಎದ್ದುಹೋದವು. ರುದ್ರವ್ವ ಸೊಂಟದ ಚಂಚಿಗೆ ಕೈಹಾಕಿ ಹೊಸ ಶಿವದಾರ ತೆಗೆದಳು. ಒಂದು ತಿಂಗಳಿಂದ ಅದು ಅಲ್ಲೇ ಇತ್ತು.

"ವಾರಾ ಎರಡು ಹೋಳಿಗಿ ಹೆಚ್ಚಿಗೆ ಇಡತಿದ್ದೆ," ಎಂದಳು ದಾರ ಪೋಣಿಸುತ್ತ. "ಒಂದ ತಿನ್ನತಿದ್ರಿ. ಇನ್ನೊಂದು ಯಾಕ ತಿನ್ನಂಗಿಲ್ಲ ಅಂತ ನನಗ ಚಿಂತಿ ಆಗಿತ್ತು."

ಮುರುಗೆಪ್ಪನವರು ಮಿಂದು, ಒದ್ದೆ ಧೋತರದಲ್ಲೇ ದಂಡೆಯ ಮೇಲೆ ಕೂತು, ಎಡಗೈಯಲ್ಲಿ ಲಿಂಗ ಇಟ್ಟುಕೊಂಡರು. ನರ್ಮದಾ ಒಂದು ನೈದಿಲೆ ಕಿತ್ತು ತಂದುಕೊಟ್ಟಳು. ಮನೆಯಲ್ಲಿ ಅವರ ಪೂಜೆ ಒಲೆಯ ಮೇಲಿನ ರೊಟ್ಟಿ ಉಬ್ಬುವುದರೊಳಗೆ ಮುಗಿಯುವಂಥದು. ಅಂದು ಕಣ್ಣು ಮುಚ್ಚಿದವರು ಎಷ್ಟು ಹೊತ್ತಾದರೂ ತೆರೆಯಲಿಲ್ಲ. ಬುತ್ತಿ ಬಿಚ್ಚಿಯೇ ಇತ್ತು, ಗುರೆಳ್ಳಿನ ವಾಸನೆ ಗಾಳಿಯಲ್ಲಿತ್ತು, ದೂರದಲ್ಲಿ ಐದರ ರೈಲು ಕೂಗಿ ಹೋಯಿತು. ರಾಘಣ್ಣನವರು ಅವಲಕ್ಕಿಯ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಕಾದರು. ಆ ದಿನ ಅವರು ಬೆನ್ನು ತಿರುಗಿಸಿ ಕೂಡುವುದನ್ನು ಮರೆತಿದ್ದರು.

ಕೊನೆಗೆ ಕಣ್ಣು ತೆರೆದಾಗ ಎದುರಿಗೆ ಆ ಅರ್ಧ ಹೋಳಿಗೆ ಹಿಡಿದು ರುದ್ರವ್ವ ಕೂತಿದ್ದಳು. ಮುರುಗೆಪ್ಪನವರು ನಾಚಿ, ಅದು ಬೇಡವೆಂದು ಕೈಯಾಡಿಸಿದರು.

"ಬ್ಯಾಡ ಅನಬ್ಯಾಡ್ರಿ," ಎಂದಳು. "ಮೂರು ತಾಸು ಲಿಂಗದ ಮುಂದ ಇತ್ತು. ಇಷ್ಟು ದಿನ ಕದ್ದದ್ದು ತಿಂದೀರಿ, ಇವತ್ತು ಪ್ರಸಾದ ಆಗೇತಿ. ತಿನ್ನರಿ."