ಹಪ್ಪಳದ ಚಾಪೆಯ ಮೇಲೆ ಒಣಗಿದ ಜೋಳ

ನಾನು ಸುಳ್ಳು ಹೇಳಿದೆ, ಜೊಹರಾ. ಶಾಲೆಯ ಮೈದಾನದಲ್ಲಿ, ಮಹಿಳಾ ಸಂಘದ ಹೆಂಗಸರೆಲ್ಲ ಸುತ್ತ ನಿಂತಿದ್ದಾಗ, ನೀನು ನನ್ನ ಮುಖ ನೋಡಿ ಕೇಳಿದ ಪ್ರಶ್ನೆಗೆ ನಾನು ಸುಳ್ಳು ಹೇಳಿದೆ. ನಿನ್ನ ಪಾಪ್‌ಕಾರ್ನ್ ಕರಟಿಹೋದದ್ದು ನಿನ್ನ ತಪ್ಪಿನಿಂದಲ್ಲ. ಹಾಳು ಮಾಡಿದವಳು ನಾನು, ಈ ದೇವಕಿ. ನಿನಗೆ ಸಿಗಬೇಕಾಗಿದ್ದ ಅಂಗಡಿಯಲ್ಲಿ ಕೂತು, ನೀನು ಕಲಿಸಿದ ಹಾಗೆಯೇ ಜೋಳ ಹುರಿದು, ಇಷ್ಟು ವರ್ಷ ಹೆಸರು ಮಾಡಿದವಳೂ ನಾನೇ. ಇವತ್ತು ಇದನ್ನು ಬರೆಯಲು ಕೂತಿದ್ದೇನೆ. ದುಃಖ ಅಂದುಕೊಳ್ಳಬೇಡ — ಸಿಟ್ಟು. ನನ್ನ ಮೇಲೆ ನನಗೇ ಬಂದ ಸಿಟ್ಟು, ಬಂದು ಹೋಗದ ಸಿಟ್ಟು.

ಆಗ ನಮ್ಮ ಜಾಲ್ಸೂರಿನವರಿಗೆ ಪಾಪ್‌ಕಾರ್ನ್ ಅಂದರೆ ಪುತ್ತೂರಿನ ಟಾಕೀಸಿಗೆ ಹೋದವರು ಇಂಟರ್ವಲ್‌ನಲ್ಲಿ ತಿನ್ನುವ ತಿಂಡಿ. ಮೊದಲ ಸಲ ಬಾಯಿಗೆ ಹಾಕಿಕೊಂಡ ನನ್ನ ಅತ್ತೆ, "ಇದೆಂತ, ನಮ್ಮ ಅರಳಿಗೆ ಪೇಟೆಯ ಅಂಗಿ ಹಾಕಿಸಿದ್ದಾ?" ಎಂದಿದ್ದರು. ಸುಳ್ಳಲ್ಲ. ಭತ್ತ ಹುರಿದು ಅರಳು ಮಾಡಿ, ಬೆಲ್ಲ ತೆಂಗಿನಕಾಯಿ ಕಲಸಿ ತಿಂದವರು ನಾವು. ಈ ಮೆಕ್ಕೆಜೋಳ ಬಂದದ್ದು ಆಮೇಲೆ, ಸಿನೆಮಾದ ಬೆನ್ನು ಹಿಡಿದುಕೊಂಡು. ಅದನ್ನು ನಮ್ಮೂರಿಗೆ ತಂದವಳು ನೀನು. ಮಂಗಳೂರಿನ ಅಕ್ಕನ ಮನೆಯಲ್ಲಿ ಕಲಿತು ಬಂದು ನನ್ನ ಅಡುಗೆಮನೆಯಲ್ಲೇ ಮೊದಲು ಮಾಡಿ ತೋರಿಸಿದೆ. ದೊಡ್ಡ ಬಾಣಲೆ, ಸ್ವಲ್ಪ ಎಣ್ಣೆ, ಉಪ್ಪು, ಚಿಟಿಕೆ ಅರಸಿನ. ಮುಚ್ಚಳದ ಅಡಿಯಲ್ಲಿ ಪಟಪಟ ಶುರುವಾದಾಗ ನನ್ನ ಮಗಳು ಹೆದರಿ ಬಾಗಿಲ ಹಿಂದೆ ಅಡಗಿದ್ದಳು. ಆಮೇಲೆ ಒಬ್ಬಳೇ ಅರ್ಧ ಬಾಣಲೆ ಖಾಲಿ ಮಾಡಿದಳು. ನೀನು ನಗುತ್ತಾ ಅವಳಿಗೆಂದು ಒಂದು ಡಬ್ಬಿ ಜೋಳ ಇಟ್ಟು ಹೋದೆ.

ಗಲ್ಫಿನಿಂದ ನಿನ್ನ ಗಂಡನ ಫೋನೂ ದುಡ್ಡೂ ನಿಂತಿದ್ದ ಕಾಲ ಅದು. ಶಾಲೆಯ ವಾರ್ಷಿಕೋತ್ಸವದಲ್ಲಿ ನಿನ್ನ ಪಾಪ್‌ಕಾರ್ನ್ ಜನರಿಗೆ ಹಿಡಿಸಿದರೆ ಬಸ್‌ಸ್ಟಾಪಿನ ಹತ್ತಿರದ ಸಂಘದ ಅಂಗಡಿ ನಿನಗೆ ಎಂದು ಮಾತಾಗಿತ್ತು. ನಿನ್ನ ಮನೆಯಲ್ಲಿ ಹೆಗ್ಗಣದ ಕಾಟ. ಅದಕ್ಕೆ ನೀನು ಜೋಳದ ಚೀಲ ನನ್ನ ಮನೆಯಲ್ಲಿ ತಂದಿಟ್ಟೆ.

"ಅಕ್ಕ, ಬಾಯಿ ಕಟ್ಟಿದ್ದು ಹಾಗೇ ಇರ್ಲಿ. ಬಿಚ್ಚುದು ಬೇಡ, ಆಯ್ತಾ?"

ಆಯ್ತು ಎಂದೆ. ಮರುದಿನ ಬಿಚ್ಚಿದೆ.

ಯಾಕೆ ಅಂದರೆ — ನಾನು ಹಲಸಿನ ಹಪ್ಪಳ ಮಾಡಿ ಮಾರುವವಳು. ಮನೆಗೆ ಬಂದ ಧಾನ್ಯವನ್ನು ಮೊದಲು ಬಿಸಿಲಿಗೆ ತೋರಿಸದಿದ್ದರೆ ನನಗೆ ಸಮಾಧಾನವಿಲ್ಲ. ಬೂಷ್ಟು ಹಿಡಿಯುವ ಊರು ನಮ್ಮದು; ಒಣಗಿಸುವುದೇ ನಮಗೆ ಕಾಪಾಡುವುದು. ಕೈ ಹಾಕಿದರೆ ಜೋಳ ತಣ್ಣಗಿತ್ತು. ತಾರಸಿಯ ಮೇಲೆ ಹಪ್ಪಳದ ಚಾಪೆಯಲ್ಲಿ ಹರಡಿದೆ. ಕೈಯಾಡಿಸಿದರೆ ಕಟಕಟ ಅನ್ನುವವರೆಗೆ ಒಣಗಿಸಿ, ಮತ್ತೆ ಚೀಲಕ್ಕೆ ತುಂಬಿ ಬಾಯಿ ಕಟ್ಟಿಟ್ಟೆ. ನಿನಗೊಂದು ಉಪಕಾರ ಮಾಡಿದೆ ಎಂಬ ಹೆಮ್ಮೆ ಬೇರೆ! ಕಾಳಿನೊಳಗಿನ ತೇವವೇ ಬಿಸಿಗೆ ಉಬ್ಬಿ ಅದನ್ನು ಅರಳಿಸುವುದೆಂದು ಗೊತ್ತಿರಲಿಲ್ಲ ಎನ್ನಲೇ? ಹಾಗೂ ಇಲ್ಲ. ನನ್ನ ಅಜ್ಜಿ ಅರಳಿಗೆಂದು ಭತ್ತ ತೆಗೆದರೆ ಮೊದಲು ನೀರು ಚಿಮುಕಿಸಿ ಮುಚ್ಚಿಡುತ್ತಿದ್ದರು. ಕಣ್ಣಾರೆ ನೋಡಿ ಬೆಳೆದವಳು ನಾನು. ಭತ್ತಕ್ಕಿದ್ದ ಬುದ್ಧಿ ಜೋಳಕ್ಕೆ ಬರಲಿಲ್ಲ.

ವಾರ್ಷಿಕೋತ್ಸವದ ದಿನ ನಿನ್ನ ಬಾಣಲೆ ಹೊಗೆ ಕಕ್ಕಿತು. ಎಲ್ಲೋ ಒಂದೊಂದು ಕಾಳು ಅರೆಬರೆ ಬಿರಿಯಿತು, ಉಳಿದದ್ದು ಕಲ್ಲು. ಮಕ್ಕಳು ಉಗಿದು ಓಡಿದರು.

"ಮಕ್ಕಳ ಹಲ್ಲು ಉದುರಿಸ್ಲಿಕ್ಕೆ ತಂದದ್ದಾ ಮಾರಾಯ್ತಿ?" ಎಂದರು ಅಧ್ಯಕ್ಷೆ ಸುಮಿತ್ರಕ್ಕ. ಎಲ್ಲರೂ ನಕ್ಕರು. ಹಿಂದಿನಿಂದ ಯಾರೋ, "ಅಗ್ಗಕ್ಕೆ ಸಿಕ್ಕಿದ ಹಳೆ ಮಾಲು. ಅವರ ವ್ಯಾಪಾರವೇ ಹಾಗೆ," ಎಂದರು.

ಅವರ. ಆ ಮಾತು ಯಾರ ಕಡೆಗೆಂದು ನಿನಗೂ ಗೊತ್ತಾಯಿತು, ನನಗೂ. ಪ್ರತಿ ಈದಿಗೆ ನಿನ್ನಿಂದ ಪೆರ್ನಾಲಿನ ತಿಂಡಿ ಇಸಿದುಕೊಂಡು ತಿಂದ ಬಾಯಿಗಳು! ಆ ಬಾಯಿಗಳ ಮೇಲೆ ಇವತ್ತಿಗೂ ನನಗೆ ಕೆಂಡದಂಥ ಸಿಟ್ಟು. ಆದರೆ ಅವರಿಗೆ ನಿಜ ಗೊತ್ತಿರಲಿಲ್ಲ. ನನಗೆ —

"ಅಕ್ಕ, ಚೀಲ ಬಿಚ್ಚಿದ್ರಾ?" ನೀನು ಕೇಳಿದೆ.

"ಇಲ್ಲಪ್ಪ. ನೀನು ಕಟ್ಟಿದ ಹಾಗೇ ಇತ್ತು."

ಯೋಚಿಸಲೂ ಇಲ್ಲ, ನಾಲಗೆ ತಾನಾಗಿ ಹೊರಳಿತು. ಅವತ್ತು ಸಂಜೆ ಮನೆಗೆ ಬಂದವಳೇ ಮಗಳ ಡಬ್ಬಿಯ ಜೋಳ ಬಾಣಲೆಗೆ ಹಾಕಿದೆ. ಬಿಸಿಲು ಕಾಣದ ಜೋಳ. ಒಂದೊಂದು ಕಾಳೂ ಮಲ್ಲಿಗೆಯ ಹಾಗೆ ಅರಳಿ ಮುಚ್ಚಳವನ್ನೇ ಎತ್ತಿತು. ಆಗಲೇ ನಿನ್ನ ಮನೆಗೆ ಓಡಬಹುದಿತ್ತು. ಒಲೆ ಆರಿಸಿದೆ, ಬಾಣಲೆ ತೊಳೆದೆ, ಮಲಗಿದೆ.

ಮುಂದಿನ ಸಭೆಯಲ್ಲಿ ಅಂಗಡಿ ಜೊಹರಾಳಿಗೆ ಬೇಡ ಎಂದಾಗ ಎಲ್ಲರ ಜೊತೆ ನನ್ನ ಕೈಯೂ ಎದ್ದಿತು. ನೀನು ಬೀಡಿ ಕಟ್ಟಲು ಕೂತೆ. ಅಂಗಡಿ ಸುತ್ತಿ ಬಳಸಿ ನನಗೇ ಬಂತು. ಈಗ ಮಷಿನು ಉಂಟು, ಕಾಸರಗೋಡು ಬಸ್ಸಿನವರು ಕಿಟಕಿಯಿಂದಲೇ ಕೈ ಚಾಚುತ್ತಾರೆ. ಜೋಳ ಗಾಳಿಯಾಡದ ಡಬ್ಬಿಯಲ್ಲಿರುತ್ತದೆ. "ದೇವಕಿಯಕ್ಕನ ಕೈಗುಣ," ಎನ್ನುತ್ತಾರೆ ಜನ. ನಾನು ಹಲ್ಲು ಕಿರಿಯುತ್ತೇನೆ. ಥೂ!

ಮೊನ್ನೆ ನೀನು ಮೊಮ್ಮಗಳ ಕೈ ಹಿಡಿದು ಅಂಗಡಿಗೆ ಬಂದೆ. ಪೊಟ್ಟಣ ಇಸಿದುಕೊಂಡು, ಅರಳಿದ ಜೋಳದ ಒಂದು ಹೂವು ಬಾಯಿಗೆ ಹಾಕಿ, ಮೆಲ್ಲಗೆ ಕೇಳಿದೆ: "ಇದನ್ನು ಬಿಸಿಲಿಗೆ ಹಾಕ್ಲಿಲ್ಲ ಅಲ್ವಾ ಅಕ್ಕ?"

ನನ್ನ ಕೈಯ ಸೌಟು ಅಲ್ಲೇ ನಿಂತಿತು. "ನಿನಗೆ... ಯಾವಾಗ ಗೊತ್ತಾಯಿತು?"

"ಅವತ್ತೇ. ಚೀಲದ ಅಡಿಯಲ್ಲಿ ಹಲಸಿನ ಹಪ್ಪಳದ ಚೂರು ಇತ್ತು. ನಮ್ಮ ಮನೆಯಲ್ಲಿ ಯಾರು ಹಪ್ಪಳ ಮಾಡುದು?"

"ಮತ್ತೆ ಯಾಕೆ ಹೇಳ್ಲಿಲ್ಲ?"

"ನೀವೇ ಹೇಳ್ತೀರಿ ಅಂತ ಕಾದೆ."

ಬೈದಿದ್ದರೆ ಆಗುತ್ತಿತ್ತು. ಪೊಟ್ಟಣವನ್ನು ನನ್ನ ಮುಖಕ್ಕೆ ಎಸೆದಿದ್ದರೂ ಆಗುತ್ತಿತ್ತು. ನೀನು ಮೊಮ್ಮಗಳಿಗೆ ತಿನ್ನಿಸುತ್ತಾ ಬಸ್ಸು ಹತ್ತಿದೆ.

ಕ್ಷಮೆ ಕೇಳಲು ಇದನ್ನು ಬರೆಯುತ್ತಿಲ್ಲ, ಜೊಹರಾ. ಕೇಳುವ ಮುಖವಿಲ್ಲ. ಭಾನುವಾರ ಸಂಘದ ಸಭೆ. ನಿನ್ನನ್ನು ನೋಡಿ ಅವತ್ತು ನಕ್ಕವರಲ್ಲಿ ಹೆಚ್ಚಿನವರು ಬರುತ್ತಾರೆ. ಸುಮಿತ್ರಕ್ಕ ಕೋಲೂರಿಕೊಂಡಾದರೂ ಬರುತ್ತಾರೆ. ತಾರಸಿಯ ಮೇಲೆ ಹಪ್ಪಳದ ಚಾಪೆ ಹಾಸಿ ಜೋಳ ಹರಡಿದ್ದೇನೆ. ಈಗಷ್ಟೇ ಕೈಯಾಡಿಸಿ ಬಂದೆ — ಕಟಕಟ ಅನ್ನಲು ಶುರುವಾಗಿದೆ. ಅವರೆಲ್ಲರ ಎದುರು ಅದನ್ನೇ ಬಾಣಲೆಗೆ ಹಾಕುತ್ತೇನೆ. ಹೊಗೆ ಏಳಲಿ. ಮೂಗು ಮುಚ್ಚಿಕೊಂಡು, "ಇದೆಂತ ದೇವಕಿಯಕ್ಕ, ಹಳೆ ಮಾಲಾ?" ಎಂದು ಕೇಳಲಿ.

ಕೇಳಿದವರಿಗೆ ಹೇಳುತ್ತೇನೆ.