ಮಗುವಿನ ತಲೆಗೆ ಬೀಳದ ನೀರು

ನನ್ನ ತಂಗಿಯ ಮಗು ಏಳು ತಿಂಗಳಿಗೇ ಹುಟ್ಟಿತು. ಹರಿಹರದಿಂದ ಆಂಬುಲೆನ್ಸ್‌ನಲ್ಲಿ ಅವಳನ್ನು ದಾವಣಗೆರೆಯ ಒಂದು ಆಸ್ಪತ್ರೆಗೆ ತಂದಿದ್ದರು. ಅಲ್ಲೇ ಊರಂಚಿನ ಕರೂರಿನ ಕಾರ್ಖಾನೆಯಲ್ಲಿ ಲೇತ್ ಮುಂದೆ ನಿಂತಿದ್ದ ನಾನು ಸುದ್ದಿ ಕೇಳಿ, ಕೈ ಕೂಡ ಸರಿಯಾಗಿ ತೊಳೆಯದೆ ಓಡಿದೆ. ತಂಗಿ ಆಪರೇಷನ್ ಆಗಿ ಮೇಲಿನ ವಾರ್ಡಿನಲ್ಲಿ ಮಲಗಿದ್ದಳು. ಮಗು ಕೆಳಗಿನ ಮಹಡಿಯಲ್ಲಿ ಗಾಜಿನ ಪೆಟ್ಟಿಗೆಯೊಳಗಿತ್ತು. ಸಂಜೆಯವರೆಗೆ ಏನೂ ಹೇಳಲಾಗದು ಎಂದು ಡಾಕ್ಟರು ಹೇಳಿದ್ದರು. ಅವಳ ಗಂಡ ರಕ್ತ ತರಲು ಹೋಗಿದ್ದ.

ತಂಗಿ ನನ್ನ ಅಂಗಿಯ ತುದಿ ಹಿಡಿದುಕೊಂಡಳು. “ಅಣ್ಣಾ, ಫಾದರ್ ಬರೋತನಕ ಕಾಯಾಕೆ ಆಗಲ್ಲ. ನೀನೇ ಹೋಗಿ ನೀರು ಹಾಕು.”

ನಾವು ಕಥೋಲಿಕರು. ನೀರು ಹಾಕಿ ಮಗುವನ್ನು ದೇವರಿಗೆ ಸೇರಿಸುವ ಜ್ಞಾನಸ್ನಾನ ಕೊಡುವುದು ಗುರುಗಳ ಕೆಲಸ. ಆದರೆ ಜೀವಕ್ಕೆ ಅಪಾಯವಿದ್ದಾಗ ಯಾರು ಬೇಕಾದರೂ ಕೊಡಬಹುದು. ತಲೆಯ ಮೇಲೆ ಸ್ವಲ್ಪ ನೀರು ಹರಿಸುತ್ತ, ಪಿತನ, ಸುತನ, ಪವಿತ್ರಾತ್ಮರ ನಾಮದಲ್ಲಿ ನಿನಗೆ ಜ್ಞಾನಸ್ನಾನ ಕೊಡುತ್ತೇನೆ ಎಂದರೆ ಸಾಕು. ನಾನು ಏಳನೇ ತರಗತಿಗೆ ಶಾಲೆ ಬಿಟ್ಟವನು. ಲೆಕ್ಕ, ವ್ಯಾಕರಣ ಎಲ್ಲ ಮರೆತುಹೋಗಿದೆ. ಈ ಮಾತು ಮಾತ್ರ ಮರೆತಿರಲಿಲ್ಲ. ಮರೆತಿದ್ದೆ ಎಂದು ಬರೆಯುವ ಆಸೆ ಈಗಲೂ ಆಗುತ್ತದೆ, ಆದರೆ ಅದು ಸುಳ್ಳು.

ನರ್ಸ್ ಒಳ್ಳೆಯ ಹೆಂಗಸು. ನಮ್ಮ ಧರ್ಮದವಳಲ್ಲ, ಆದರೂ ವಿಷಯ ಕೇಳಿ ನನಗೆ ಹಸಿರು ಗೌನು ಹಾಕಿಸಿ ಒಳಗೆ ಬಿಟ್ಟಳು. ಕಾಯಿಸಿ ಆರಿಸಿದ ನೀರನ್ನು ಸಿರಿಂಜಿನಲ್ಲಿ ತುಂಬಿ ಕೊಟ್ಟಳು. “ಒಂದೆರಡು ಹನಿ ಅಷ್ಟೇರಿ. ಡಾಕ್ಟರ್ ನೋಡಿದ್ರೆ ನನ್ನ ಕೆಲಸ ಹೋಗ್ತೈತೆ,” ಎಂದು ಪೆಟ್ಟಿಗೆಯ ಪಕ್ಕದ ಸಣ್ಣ ಬಾಗಿಲು ತೆಗೆದು, ಇನ್ನೊಂದು ಮಗುವಿನ ಕಡೆ ಹೋದಳು.

ಒಳಗೆ ಕೈ ಹಾಕಿದೆ. ಮಗು ನನ್ನ ಅಂಗೈಗಿಂತ ಸ್ವಲ್ಪವೇ ದೊಡ್ಡದಿತ್ತು. ಅದರ ಎದೆ ಏರುತ್ತಿತ್ತು, ಇಳಿಯುತ್ತಿತ್ತು, ಒಮ್ಮೊಮ್ಮೆ ನಿಂತು ಮತ್ತೆ ಏರುತ್ತಿತ್ತು. ನನ್ನ ಉಗುರಿನ ಸಂದಿಯಲ್ಲಿ ಆಯಿಲ್‌ನ ಕಪ್ಪು. ಈ ನೀರು ಬಿದ್ದ ಕೂಡಲೇ ಉಸಿರು ನಿಂತರೆ? ನಿಂತದ್ದು ನನ್ನ ಕೈಯಿಂದಲೇ ಎಂದಾಗುತ್ತದೆ. ಇನ್ನೂ ಒಂದು ಯೋಚನೆ ಬಂತು. ನೀರು ಹಾಕಿದರೆ, ಇದು ಬದುಕುವುದಿಲ್ಲ ಎಂದು ನಾನೇ ಒಪ್ಪಿದ ಹಾಗೆ. ಕೈ ಹೊರಗೆ ತೆಗೆದೆ. ಮೂಲೆಯ ಸಿಂಕಿನಲ್ಲಿ ನೀರು ಚೆಲ್ಲಿದೆ.

“ಆಯ್ತೇನ್ರಿ?” ಎಂದಳು ನರ್ಸ್.

“ಆಯ್ತಮ್ಮ.”

ಮೇಲೆ ಹೋದಾಗ ತಂಗಿ ಬಾಗಿಲನ್ನೇ ನೋಡುತ್ತಿದ್ದಳು. “ಹಾಕಿದ್ಯಾ?”

“ಹಾಕಿದೆ.”

“ಏನು ಹೆಸರಿಟ್ಟೆ?”

ಅದನ್ನು ನಾನು ಯೋಚಿಸಿರಲಿಲ್ಲ. “ಅವ್ವನ ಹೆಸರು,” ಎಂದೆ. ನಮ್ಮ ಅವ್ವ ತೀರಿಕೊಂಡು ಆಗ ವರ್ಷವೂ ಆಗಿರಲಿಲ್ಲ. ತಂಗಿ ಅತ್ತಳು. “ಇನ್ನು ಇದ್ರೂ ಹೋದ್ರೂ ದೇವರ ಕೂಸು,” ಎಂದು ಶಿಲುಬೆ ಗುರುತು ಹಾಕಿಕೊಂಡಳು. ಹಾಗೇ ನಿದ್ದೆ ಹೋದಳು. ಅವಳ ಮುಖದಲ್ಲಿ ಅಂಥ ನೆಮ್ಮದಿಯನ್ನು ನಾನು ಮೊದಲು ನೋಡಿರಲಿಲ್ಲ. ಪಕ್ಕದ ಸ್ಟೂಲಿನ ಮೇಲೆ ಕೂತು ಅದನ್ನೇ ನೋಡುತ್ತಿದ್ದೆ.

ಮಗು ಬದುಕಿತು. ತೂಕ ಬಂತು, ಹರಿಹರದ ಮನೆಗೆ ಹೋಯಿತು. ನಾನು ನೋಡಲು ಹೋದಾಗಲೆಲ್ಲ ತಂಗಿಯ ಅತ್ತೆ ಬಾಗಿಲಲ್ಲೇ ನಿಂತು ಕೂಗುತ್ತಿದ್ದರು. “ಬರ್ರಿ ಬೀಗರೇ, ಕೂಡ್ರಿ. ಏ, ಸಣ್ಣ ಫಾದರ್ ಬಂದಾರ, ಚಾ ಇಡ್ರೇ!” ಮನೆಯವರೆಲ್ಲ ನಗುತ್ತಿದ್ದರು. ನಾನೂ ನಗುತ್ತಿದ್ದೆ. ಚಹಾ ಅರ್ಧಕ್ಕೇ ಬಿಟ್ಟು ಏಳುತ್ತಿದ್ದೆ.

ಚಳಿಗಾಲದಲ್ಲಿ ಉಳಿದ ವಿಧಿಗಳಿಗಾಗಿ ಮಗುವನ್ನು ಚರ್ಚಿಗೆ ಕರೆದೊಯ್ಯುವ ಮಾತು ಬಂತು. ನಾನೇ ಜ್ಞಾನತಂದೆಯಾಗಿ, ಅಂದರೆ ಮಗುವಿನ ನಂಬಿಕೆಗೆ ಹೊಣೆಯಾಗಿ, ನಿಲ್ಲಬೇಕು ಎಂದಳು ತಂಗಿ. ಅವರ ಚರ್ಚಿನ ಫಾದರ್ ನನ್ನನ್ನು ಕರೆಸಿ ಕೇಳಿದರು: ನೀರು ತಲೆಯ ಮೇಲೆ ಹರಿಯಿತೇ? ಯಾವ ಮಾತು ಹೇಳಿದಿರಿ? ನಾನು ಸರಾಗವಾಗಿ ಒಪ್ಪಿಸಿದೆ. “ಸರಿ, ಹಂಗಾದ್ರೆ ಮತ್ತೆ ನೀರು ಹಾಕೋದಿಲ್ಲ,” ಎಂದರು. “ಜ್ಞಾನಸ್ನಾನ ಒಂದೇ ಸಲ. ಭಾನುವಾರ ಎಣ್ಣೆ ಹಚ್ಚಿ, ಬಿಳಿ ಬಟ್ಟೆ ಹೊದಿಸಿ, ಮೇಣದಬತ್ತಿ ಕೊಡ್ತೀನಿ.”

ಆಗ ಅರ್ಥವಾಯಿತು. ನನ್ನ ಸುಳ್ಳಿನಿಂದ ಈ ಮಗು ಬದುಕಿರುವಷ್ಟು ಕಾಲ ಜ್ಞಾನಸ್ನಾನವಿಲ್ಲದೆ ಉಳಿಯುತ್ತದೆ, ಅದು ನನಗೊಬ್ಬನಿಗೆ ಮಾತ್ರ ಗೊತ್ತಿರುತ್ತದೆ.

ಶನಿವಾರ ಬೆಳಿಗ್ಗೆ ದಾವಣಗೆರೆಯಲ್ಲಿ, ನನ್ನ ಗುರುತೇ ಇಲ್ಲದ ಇನ್ನೊಬ್ಬ ಗುರುಗಳ ಮುಂದೆ ಮಂಡಿಯೂರಿ ಪಾಪನಿವೇದನೆ ಮಾಡಿದೆ. ಅವರು ಹರಿಹರಕ್ಕೆ ಒಂದು ಫೋನ್ ಮಾಡಿ ಎಲ್ಲ ಸರಿಮಾಡಬಹುದು ಎಂಬ ಆಸೆ ಒಳಗಿತ್ತು. ಅವರು ಪೂರ್ತಿ ಕೇಳಿ, “ಇಲ್ಲಿ ಕೇಳಿದ್ದನ್ನ ನಾನು ಯಾರಿಗೂ ಹೇಳೋ ಹಂಗಿಲ್ಲ. ದೇವರು ಕ್ಷಮಿಸ್ತಾರೆ. ತಂಗಿಗೆ ಮಾತ್ರ ನೀವೇ ಹೇಳ್ಬೇಕು. ಇವತ್ತೇ,” ಎಂದರು.

ಬಸ್ಸು ಹಿಡಿದೆ. ಎಲ್ಲಿಯಾದರೂ ಕೆಟ್ಟು ನಿಲ್ಲಲಿ ಎಂದು ಬೇಡಿಕೊಂಡೆ. ಬಸ್ಸು ಎಲ್ಲೂ ಕೆಡಲಿಲ್ಲ.

ತಂಗಿ ನಡುಮನೆಯಲ್ಲಿ ಕೂತು ಮಗುವಿನ ಬಿಳಿ ಅಂಗಿಗೆ ಲೇಸು ಹೊಲಿಯುತ್ತಿದ್ದಳು. ಅತ್ತೆ ಮೊರದಲ್ಲಿ ಅಕ್ಕಿ ಹಸನು ಮಾಡುತ್ತಿದ್ದರು. ನಾನು ಕೂರಲಿಲ್ಲ. ಕೂತರೆ ಹೇಳಲಾರೆ ಎನ್ನಿಸಿತು.

“ಆವತ್ತು ನಾನು ನೀರು ಹಾಕ್ಲಿಲ್ಲ. ಹೆದರಿ ಚೆಲ್ಲಿಬಿಟ್ಟೆ.”

ಅತ್ತೆಯ ಮೊರ ನಿಂತಿತು. “ಹಂಗಂದ್ರೆ ಇಷ್ಟು ದಿನ ನಮ್ಮ ಕೂಸು ಹಂಗೇ ಇತ್ತಾ? ನಾ ಊರಿಗೆಲ್ಲ ಹೇಳ್ಕೊಂಡು ಬಂದೀನಲ್ರಿ!”

ತಂಗಿ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟಳು. ಬಯ್ಯುತ್ತಾಳೆ ಎಂದುಕೊಂಡೆ. ಬಯ್ಯಲಿಲ್ಲ. “ಕೂಸು ಹೋಗಿದ್ರೆ?” ಎಂದಳು. “ಹೋಗಿದ್ರೆ ನನಗೆ ಹೇಳ್ತಿದ್ಯಾ?”

ಇಲ್ಲೊಂದು ಸುಳ್ಳು ಹೇಳಬಹುದಿತ್ತು. ಬಾಯಿಗೂ ಬಂದಿತ್ತು.

“ಇಲ್ಲ. ಹೇಳ್ತಿರಲಿಲ್ಲ.”

“ಅದೇ ನನಗೆ ತಡೆಯಾಕೆ ಆಗ್ತಿಲ್ಲ,” ಎಂದಳು. “ಹೆದರಿಕೆ ಯಾರಿಗೂ ಆಗ್ತೈತೆ. ನಾನು ನಿನ್ನ ಮಾತು ನಂಬಿ ನಿದ್ದೆ ಮಾಡಿದ್ನಲ್ಲೋ. ನೀನು ಪಕ್ಕದಾಗೆ ಕೂತು ನೋಡಿದ್ಯಲ್ಲ.”

ಎದ್ದು ಮಗುವನ್ನು ಹೆಗಲಿಗೆ ಹಾಕಿಕೊಂಡು ಚಪ್ಪಲಿ ಮೆಟ್ಟಿದಳು. ಚರ್ಚಿನವರೆಗೂ ನಾನು ಹಿಂದೆ ಹಿಂದೆ ನಡೆದೆ. ಅಲ್ಲಿ ಎಲ್ಲವನ್ನೂ ನನ್ನ ಬಾಯಿಂದಲೇ ಹೇಳಿಸಿದಳು. ಫಾದರ್ ಮಗುವಿನ ತಲೆ ಮುಟ್ಟಿ ನೋಡಿದರು. ಆಮೇಲೆ, “ಸರಿ, ನಾಳೆ ನೀರನ್ನ ಸ್ವಲ್ಪ ಬೆಚ್ಚಗೆ ಮಾಡಿ ಇಡಿಸ್ತೀನಿ, ಚಳಿ ಐತೆ,” ಎಂದರು.

“ಜ್ಞಾನತಂದೆ ಇವನು ಬ್ಯಾಡ ಫಾದರ್,” ಎಂದಳು ತಂಗಿ. “ನನ್ನ ಮೈದುನ ನಿಲ್ತಾನೆ.”

ಭಾನುವಾರ ನಾನು ಹಿಂದಿನ ಸಾಲಿನಲ್ಲಿ ನಿಂತಿದ್ದೆ. ತಲೆಯ ಮೇಲೆ ನೀರು ಬಿದ್ದಾಗ ಮಗು ಇಡೀ ಚರ್ಚು ತಿರುಗಿ ನೋಡುವಂತೆ ಕಿರುಚಿತು. ಇಷ್ಟು ಶಕ್ತಿ ಇದಕ್ಕೆ ಎಲ್ಲಿಂದ ಬಂತು ಎಂದು ನನಗೆ ಅಳು ಬಂತು. ಪೂಜೆಯ ನಡುವೆ, ಒಬ್ಬರಿಗೊಬ್ಬರು ಶಾಂತಿ ಕೋರಿರಿ ಎಂದಾಗ, ಜನ ಅಕ್ಕಪಕ್ಕದವರಿಗೆ ಕೈಮುಗಿಯತೊಡಗಿದರು. ತಂಗಿ ಗಂಡನಿಗೆ ಕೈಮುಗಿದಳು, ಅತ್ತೆಗೆ ಮುಗಿದಳು, ಹಿಂದೆ ತಿರುಗಿದಳು. ಮುಖ ಗಟ್ಟಿಯಾಗಿಯೇ ಇತ್ತು. ನನಗೂ ಕೈಮುಗಿದಳು. ಪೂಜೆಯ ಪದ್ಧತಿ ಎಂದು ಮುಗಿದಳೋ, ನನಗೆಂದೇ ಮುಗಿದಳೋ ಇವತ್ತಿಗೂ ಕೇಳಿಲ್ಲ.

ಸಂಜೆ ಬಸ್ಸಿಗೆ ಹೊರಟಾಗ ಅವಳು ಬಾಗಿಲಿಗೆ ಬಂದಳು. “ಮುಂದಿನ ವಾರ ಬಾ,” ಎಂದಳು. “ಕೂಸನ್ನ ಎತ್ಕೊಳಾಕೆ ಮಾತ್ರ ಸದ್ಯಕ್ಕೆ ಕೇಳಬ್ಯಾಡ.”

“ಬರ್ತೀನಿ,” ಎಂದೆ. ಪ್ರತಿ ವಾರ ಹೋಗುತ್ತಿದ್ದೇನೆ.