ಮುಷ್ಟಿ ಜೋಳದ ಶಾಲೆ

ಬರೀ ಬೋರ್ಡು ಓದಿ ಬಸ್ಸು ಹತ್ತುವ ಧೈರ್ಯ ನನಗಿಲ್ಲ. ಅಕ್ಷರ ಕಲಿಸಿಯೇ ಹೊಟ್ಟೆ ಹೊರೆದ ಮಾಸ್ತರ ನಾನು. ಆದರೂ ಕಂಡಕ್ಟರನನ್ನು ಕೇಳಿಯೇ ಕಾಲಿಡುತ್ತೇನೆ. ಈ ಬುದ್ಧಿ ಕಲಿಸಿದವಳು ನನ್ನದೇ ವಿದ್ಯಾರ್ಥಿನಿ, ಭಂಕೂರಿನ ಖಾಜಾಬಿ.

ಆಗಿನ್ನೂ ಮೈಸೂರು ರಾಜ್ಯ. ಭಂಕೂರಿನ ವಯಸ್ಕ ಹೆಂಗಸರ ಸಂಜೆಶಾಲೆ ನನ್ನ ಪಾಲಿಗೆ ಬಂತು. ಕಲ್ಲಿನ ಗಣಿಯ ಊರು, ಕಪ್ಪು ಹಲಗೆಯ ಖರ್ಚಿಲ್ಲ; ನೆಲದ ಫರ್ಸಿಕಲ್ಲಿನ ಮೇಲೆಯೇ ಬರೆದು ಸೆರಗಿನಿಂದ ಒರೆಸಿದರಾಯಿತು. ಆದರೆ ಕಂದೀಲು ಕೊಟ್ಟ ಪುಣ್ಯಾತ್ಮರು ಅದಕ್ಕೆ ಎಣ್ಣೆ ಬೇಕೆಂಬುದನ್ನು ಮರೆತಿದ್ದರು. ಜ್ಞಾನಜ್ಯೋತಿಯೊಂದನ್ನೇ ನಂಬಿ ಎಷ್ಟು ದಿನ ಓದಿಸಲಿ? ಶಾಲೆ ಮುಚ್ಚುತ್ತೇನೆಂದೆ.

ಖಾಜಾಬಿ ಒಪ್ಪಲಿಲ್ಲ. ಕೊಡ್ಲಿ ಎಂಬ ಊರಿಗೆ ಕೊಟ್ಟ ಅವಳ ಮಗಳು ಎರಡನೆಯ ಸಲ ಬಸುರಿ. ಹಿಂದೊಮ್ಮೆ ಖಾಜಾಬಿ ಅಲ್ಲಿಗೆ ಹೊರಟು ದಾರಿ ತಪ್ಪಿ, ಯಾವ ಊರಲ್ಲಿದ್ದೇನೆಂದೂ ತಿಳಿಯದೆ ಅತ್ತಿದ್ದಳಂತೆ. ಈ ಸಲ ಹೆರಿಗೆಯ ಹೊತ್ತಿಗೆ ತಾನೇ ಬೋರ್ಡು ಓದಿ ಹೋಗಬೇಕೆಂಬ ಹಟ.

"ಬೀಸಾಕ ಕುಂತಾಗ ಒಂದೊಂದು ಮುಷ್ಟಿ ಜ್ವಾಳ ತೆಗೆದಿಡ್ತೀವ್ರಿ ಸರ. ಅಂಗಡ್ಯಾಗ ಹಾಕಿ ಚಿಮಣಿ ಎಣ್ಣಿ ತರೋಣು," ಎಂದಳು.

ಹನಿ ಹನಿ ಕೂಡಿದರೆ ಹಳ್ಳ. ಕಂದೀಲು ಹತ್ತಿತು, ನನ್ನ ಸುಖ ಆರಿತು. ಸ್ವಂತ ಜೋಳ ಕೊಟ್ಟವರು ಸುಮ್ಮನೆ ಬಿಡುತ್ತಾರೆಯೇ? ನಾನು ಆಕಳಿಸಿದರೆ, "ಇನ್ನಾ ಎಣ್ಣಿ ಅದರಿ ಸರ" ಎನ್ನುವರು.

ಕೊನೆಗೆ ಖಾಜಾಬಿ ಹೊರಟಳು. ಶಹಾಬಾದಿನಲ್ಲಿ 'ಕೊಡ್ಲಿ' ಎಂದು ಓದಿದಳು, ಯಾರನ್ನೂ ಕೇಳದೆ ಹತ್ತಿದಳು. ಆ ಬಸ್ಸು ಕೊಡ್ಲಿಯಿಂದ ಬಂದು ವಾಡಿಗೆ ಹೊರಟದ್ದು, ಬೋರ್ಡು ಬದಲಿಸಿರಲಿಲ್ಲ. ಗದ್ದಲದಲ್ಲಿ ಕಂಡಕ್ಟರ ಅವಳನ್ನು ತಲುಪುವಷ್ಟರಲ್ಲಿ ವಾಡಿ ಬಂದಿತ್ತು. ಓದುಬಾರದವರೆಲ್ಲ ಕೇಳಿ ಹತ್ತಿ ತಮ್ಮ ತಮ್ಮ ಊರು ಸೇರಿದರು. ದೇಶ ಸುತ್ತು, ಕೋಶ ಓದು ಎನ್ನುತ್ತಾರಲ್ಲ, ನನ್ನ ಶಿಷ್ಯೆ ಎರಡನ್ನೂ ಒಟ್ಟಿಗೇ ಮುಗಿಸಿದ್ದಳು.

ಸುದ್ದಿ ಕೇಳಿ ನನಗೆ ನಾಚಿಕೆಯಾಯಿತು. ವಾರದ ಮೇಲೆ ಬಂದವಳೇ ತರಾಟೆಗೆ ತೆಗೆದುಕೊಂಡಳು: "ಬೋರ್ಡ್ ಸುಳ್ಳ ಹೇಳ್ತದಂತ ಯಾಕ ಕಲಿಸಲಿಲ್ರಿ?"

ಮಗಳನ್ನು ಕಂಡೆಯೋ ಇಲ್ಲವೋ ಎಂದು ಅಳುಕುತ್ತ ಕೇಳಿದೆ.

"ಬಿಡ್ತೀನೇನ್ರಿ? ಇಳಿದಲ್ಲಿ 'ವಾಡಿ' ಅಂತ ಗ್ವಾಡಿ ಮ್ಯಾಲ ಬರೆದಿತ್ತು, ನಾನೇ ಓದೀನಿ. ದಾರಿ ತಪ್ಪಿದ್ರೂ ಎಲ್ಲಿದೀನಂತ ಗೊತ್ತಿತ್ತು, ಈ ಸಲ ಅಳಲಿಲ್ಲ. ಕೇಳಿ, ಓದಿ, ಎರಡೂ ಮಾಡಿ ಕೊಡ್ಲಿ ಬಸ್ಸು ಹಿಡದೆ. ಮೊಮ್ಮಗಳು ಹುಟ್ಯಾಳ್ರಿ!"

ಆಮೇಲೆ ಶಾಲೆಯ ಜೋಳ ಕೂಡಿಡುವ ಡಬ್ಬಿಗೆ ಎರಡು ಮುಷ್ಟಿ ಜೋಳ ಸುರಿದಳು. "ಒಂದು ನಂದು, ಒಂದು ಆಕಿದು. ಶಾಲಿ ಬಂದ್ ಮಾಡಬ್ಯಾಡ್ರಿ."

ವಯಸ್ಕರ ಶಾಲೆಗೆ ಹಸುಗೂಸನ್ನು ಸೇರಿಸಿಕೊಳ್ಳಲು ನಿಯಮವಿಲ್ಲ. ಜೋಳ ಮಾತ್ರ ಸೇರಿಸಿಕೊಂಡೆ.